ಅರ್ಧ ಮೀಸೆ, ಒಂಟಿ ಜಡೆ

ನಮ್ಮೂರಿನಲ್ಲಿ ಬೆಳಿಗ್ಗೆ ಎದ್ದವರು ಕನ್ನಡಿ ನೋಡುವ ಮೊದಲು ಗೋಡೆ ನೋಡುತ್ತಾರೆ. ಪ್ರತಿ ಮನೆಯ ನಡುಮನೆಯಲ್ಲೂ ಮನೆಮಂದಿಯನ್ನು ಸಾಲಾಗಿ ನಿಲ್ಲಿಸಿ ಮಸಿಯಲ್ಲಿ ಬರೆಸಿದ ಒಂದು ಗೋಡೆ ಇರುತ್ತದೆ. ನಮಗೆ ವಯಸ್ಸಾದಂತೆ ಗೋಡೆಯ ಮೇಲಿನವರಿಗೂ ವಯಸ್ಸಾಗುತ್ತದೆ. ಪರವೂರಿಗೆ ಹೋದ ಗಂಡ ಸೊರಗಿದ್ದಾನೋ ಇಲ್ಲವೋ ಎಂದು ಹೆಂಡತಿ ಒಗ್ಗರಣೆ ಹಾಕುತ್ತಲೇ ಕತ್ತು ಹೊರಳಿಸಿ ನೋಡಿಕೊಳ್ಳುತ್ತಾಳೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿಗೆ ಕೈ ಹಾಕುವ ಮೊದಲು ಗೋಡೆಯ ಕಡೆ ಒಂದು ಕಣ್ಣು ಹಾಯಿಸುತ್ತಾರೆ, ಏಕೆಂದರೆ ತಲೆಗೆ ಹಚ್ಚಿದ ಬಣ್ಣವಾಗಲಿ ಕಟ್ಟಿಸಿಕೊಂಡ ಹಲ್ಲಾಗಲಿ ಗೋಡೆಗೆ ಹತ್ತುವುದಿಲ್ಲ. ಬಟ್ಟೆ ಬರೆಸಿದ ದಿನ ಏನಿತ್ತೋ ಅದೇ ಉಳಿಯುತ್ತದೆ, ಮೈ ಮಾತ್ರ ಬದಲಾಗುತ್ತದೆ. ಸತ್ತವರು ಸತ್ತ ದಿನದ ಮುಖದಲ್ಲೇ ನಿಂತುಬಿಡುತ್ತಾರೆ. ಆದರೆ ಮನುಷ್ಯನನ್ನು ಕಣ್ಣಾರೆ ನೋಡುತ್ತ ಬರೆದಿರಬೇಕು. ನೆನಪಿನಿಂದ ಬರೆದದ್ದು, ಅಚ್ಚು ಹಾಕಿಸಿದ್ದು ಬರೀ ಕಾಗದ.

ಗೋಡೆಗೆ ಇಷ್ಟು ಬೆಲೆ ಇರುವ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಶಿಕ್ಷೆ ಎಂದರೆ ಸುಣ್ಣ ಹೊಡೆಯುವುದು. ಬೈದದ್ದನ್ನು ಮರೆಯಬಹುದು, ಹೊಡೆದರೆ ಊದಿದ್ದು ಇಳಿಯುತ್ತದೆ. ಗೋಡೆಯ ಮೇಲಿನವನಿಗೆ ಸುಣ್ಣ ಬಳಿದರೆ ಅವನು ಆ ಮನೆಯ ಪಾಲಿಗೆ ಇಲ್ಲ, ಇದ್ದಾನೋ ಸತ್ತನೋ ತಿಳಿಯುವ ದಾರಿಯೂ ಇಲ್ಲ. ನಮ್ಮ ಮನೆಯ ಗೋಡೆಯಲ್ಲಿ ಅಮ್ಮನಿಗೂ ನನಗೂ ನಡುವೆ ಒಂದು ಬಿಳಿ ಚೌಕವಿದೆ. ಅದು ನನ್ನ ಅಣ್ಣ ಶ್ರೀಕಂಠ. ಮನೆಯಲ್ಲಿ ಎಲ್ಲರಿಗೂ ಕಂಠಿ.

ಅಪ್ಪ ನಂಜುಂಡಯ್ಯ ಪುರಸಭೆಯಲ್ಲಿ ಹೆಡ್ ಕ್ಲಾರ್ಕು. ಆಳಿಗಿಂತ ಅವರ ಮೀಸೆ ದೊಡ್ಡದು. ಎರಡೂ ತುದಿಯಲ್ಲಿ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದೆಂದು ಊರಲ್ಲಿ ಹೇಳುತ್ತಿದ್ದರು, ಅಪ್ಪನೂ ಅದನ್ನು ನಂಬಿದ್ದರು. ನಮ್ಮ ಎದುರುಮನೆಯಲ್ಲಿ ವಾಮನಯ್ಯನವರು ಇದ್ದರು. ಊರಿನ ವಾರಪತ್ರಿಕೆಗೆ ‘ಎಡವಟ್ಟು ಮನೆ’ ಎಂಬ ಕಾರ್ಟೂನ್ ಪಟ್ಟಿ ಬರೆಯುತ್ತಿದ್ದವರು ಅವರೇ. ಎಡವಟ್ಟು ಮನೆ ಎಂದರೆ ನಮ್ಮದೇ ಮನೆ. ಶನಿವಾರ ಸಂಜೆ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ನಮ್ಮ ಜಗಲಿಯ ಮೇಲೆ ಕೂತರೆ, ಅಮ್ಮ ಕೊಟ್ಟ ಕಾಫಿ ಆರುವುದರೊಳಗೆ ಕಂಠಿ ಸೀಬೆಮರಕ್ಕೆ ಜೋತು ಬಿದ್ದಿರುತ್ತಿದ್ದ, ನಾನು ಕೆಳಗೆ ಲಂಗ ಹರವಿಕೊಂಡು ನಿಂತಿರುತ್ತಿದ್ದೆ, ನಮ್ಮ ತಲೆಯ ಮೇಲೆ ಗುಳ್ಳೆಯೊಳಗೆ ಮಾತುಗಳು ಬಂದಿರುತ್ತಿದ್ದವು. ಭಾನುವಾರ ಊರೆಲ್ಲ ಓದಿ ನಗುತ್ತಿತ್ತು. ಅಪ್ಪ ಮೇಲೆ ಗೊಣಗುತ್ತಿದ್ದರೂ ಒಳಗೊಳಗೇ ಖುಷಿಪಡುತ್ತಿದ್ದರು, ಯಾಕೆಂದರೆ ವಾಮನಯ್ಯನವರು ಮೀಸೆಗೆ ಯಾವತ್ತೂ ಮೋಸ ಮಾಡಿರಲಿಲ್ಲ.

ಆ ವರ್ಷ ಕಂಠಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದ. ಹದಿನೈದರ ಹುಡುಗ, ಹಣೆಯ ಮೇಲೆ ಕೂದಲು ಇಳಿಬಿಟ್ಟುಕೊಂಡು ಮೆರೆಯುತ್ತಿದ್ದ. ಅಪ್ಪ ಅವನನ್ನು ಕ್ಷೌರದಂಗಡಿಗೆ ಎಳೆದುಕೊಂಡು ಹೋಗಿ ಬುಡಕ್ಕೆ ಕೂದಲು ತೆಗೆಸಿ ಕರೆತಂದರು. ಕಂಠಿ ಅಳಲಿಲ್ಲ. ಮರುದಿನ ಮಧ್ಯಾಹ್ನ ಅಪ್ಪ ಉಂಡು ಮಲಗಿದ್ದಾಗ ಅವರದೇ ರೇಜರ್ ತಂದು, “ಅಂಬು, ಬಾಗಿಲಲ್ಲಿ ನಿಂತ್ಕೊ” ಎಂದ. ನನ್ನ ಹೆಸರು ಅಂಬುಜಾಕ್ಷಿ. ನನಗಾಗ ಹನ್ನೊಂದು. ಅಪ್ಪ ಬಲಮಗ್ಗುಲಾಗಿ ಮಲಗಿದ್ದರಿಂದ ಎಡಗಡೆಯ ಮೀಸೆ ಮಾತ್ರ ಅವನ ಕೈಗೆ ಸಿಕ್ಕಿತು.

ಅಪ್ಪ ಎದ್ದು ಮುಖ ಮುಟ್ಟಿಕೊಂಡವರು ಕೂಗಾಡಲಿಲ್ಲ. ಹಲ್ಲುನೋವು ಎಂದು ಕಚೇರಿಗೆ ಹೇಳಿ ಕಳಿಸಿ, ಟವೆಲ್ಲಿನಿಂದ ಮುಖ ಸುತ್ತಿಕೊಂಡು ಕೂತರು. ಮೀಸೆ ಬೆಳೆಯುವವರೆಗೆ ಹೀಗೆ ತಳ್ಳೋಣ ಎಂದುಕೊಂಡಿರಬೇಕು. ಪುರಸಭೆಯಲ್ಲೂ ಒಂದು ಗೋಡೆ ಇರುವುದು ಆ ಗಾಬರಿಯಲ್ಲಿ ಅವರಿಗೆ ಮರೆತೇಹೋಗಿತ್ತು. ಜ್ವರ ಎಂದು ರಜಾ ಹಾಕಿದವರ ಮುಖ ನಿಜಕ್ಕೂ ಬಾಡಿದೆಯೇ ಎಂದು ನೋಡಲು ಅಧ್ಯಕ್ಷರು ಬರೆಸಿದ್ದ ಗೋಡೆ ಅದು. ಅಲ್ಲಿ ಹೆಡ್ ಕ್ಲಾರ್ಕ್ ನಂಜುಂಡಯ್ಯ ಕೋಟು ಪೇಟದಲ್ಲಿ, ಅರ್ಧ ಮೀಸೆಯಲ್ಲಿ, ಎಲ್ಲರಿಗೂ ಕಾಣುವಂತೆ ನಿಂತಿದ್ದರು. ಜವಾನ ಮಾದಯ್ಯ ಸಂಜೆ ಮನೆಗೆ ಬಂದು, “ಹಲ್ಲುನೋವು ಯಾವ ಕಡೆ ಸ್ವಾಮಿ, ಎಡಗಡೆನಾ?” ಎಂದು ಕೇಳಿದ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅಪ್ಪನಿಗೆ ಅಷ್ಟು ಹೇಳಿಕೊಳ್ಳಲೂ ಮೀಸೆ ಉಳಿದಿರಲಿಲ್ಲ.

ಮಾದಯ್ಯ ಬೀದಿ ತಿರುಗುವುದನ್ನೇ ಕಾದಿದ್ದು ಅಪ್ಪ ಕೊಡೆ ತೆಗೆದುಕೊಂಡರು. ಕಂಠಿಯ ಬೆನ್ನಿಗೆ ಬೀಳುತ್ತಿದ್ದ ಪೆಟ್ಟಿಗೆ ಅಮ್ಮ ಅಡ್ಡ ಹೋದಷ್ಟೂ ಅವರಿಗೆ ರೋಷ ಏರುತ್ತಿತ್ತು. ನನಗೆ ಏನು ತೋಚಿತೋ, ಹೊಲಿಗೆ ಮಿಷನ್ನಿನ ಮೇಲಿದ್ದ ಕತ್ತರಿ ತೆಗೆದುಕೊಂಡು ನನ್ನ ಎರಡು ಜಡೆಗಳಲ್ಲಿ ಒಂದನ್ನು ಕಿವಿಯ ಪಕ್ಕಕ್ಕೇ ಕತ್ತರಿಸಿ ಅಪ್ಪನ ಕಾಲ ಬಳಿ ಹಾಕಿದೆ. “ಕಾವಲು ಕಾದಿದ್ದು ನಾನು. ನನಗೂ ಶಿಕ್ಷೆ ಆಯ್ತು. ಅವನನ್ನ ಬಿಡಿ” ಎಂದೆ. ಅಪ್ಪ ಕೊಡೆ ಇಳಿಸಿದರು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಶನಿವಾರ ಬಂತು. ಅಪ್ಪ ಸೀನಲು ಟವೆಲ್ ಸರಿಸಿದ್ದನ್ನು ವಾಮನಯ್ಯನವರು ಕಿಟಕಿಯಾಚೆಯಿಂದ ನೋಡಿಬಿಟ್ಟರು. ಭಾನುವಾರದ ಪತ್ರಿಕೆಯಲ್ಲಿ ಅರ್ಧ ಮೀಸೆಯ ಅಪ್ಪ, ಕುರಿಯಂತೆ ಬೋಳಾದ ಅಣ್ಣ, ಸೆರಗಿನಲ್ಲಿ ನಗು ಮುಚ್ಚಿಕೊಂಡ ಅಮ್ಮ, ಒಂಟಿ ಜಡೆಯ ನಾನು, ಎಲ್ಲರೂ ಬಂದೆವು. ಅಂಥ ಪಟ್ಟಿಯನ್ನು ವಾಮನಯ್ಯನವರು ಹಿಂದೆಯೂ ಬರೆದಿರಲಿಲ್ಲ, ಮುಂದೆಯೂ ಬರೆಯಲಿಲ್ಲ.

ಅಪ್ಪ ಪತ್ರಿಕೆ ಮಡಿಸಿಟ್ಟು ಹಿತ್ತಿಲಿಗೆ ಹೋದರು, ಹಬ್ಬಕ್ಕೆಂದು ನೆನೆಸಿಟ್ಟಿದ್ದ ಸುಣ್ಣದ ಬಕೆಟ್ಟು ತಂದರು. ಮೊದಲು ಕಾಲು, ಆಮೇಲೆ ಎದೆ, ಕೊನೆಗೆ ಮುಖ. ಕಂಠಿ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದ. ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೊರಟವನು ಜಗಲಿಯ ಮೇಲೆ ಅಳುತ್ತ ಕೂತಿದ್ದ ನನ್ನ ಮೊಂಡುಗೂದಲನ್ನು ಮುಟ್ಟಿ, “ಬೇಗ ಬೆಳೆಯುತ್ತೆ ಬಿಡೇ, ಅಳಬೇಡ” ಎಂದ. ಅಂಗಡಿಗೆ ಹೋಗುತ್ತಿದ್ದಾನೆ ಎಂದುಕೊಂಡೆ.

ಆಮೇಲೆ ಅಪ್ಪ ಅವನ ಹೆಸರು ಎತ್ತಲಿಲ್ಲ. ಅಮ್ಮ ಬದುಕಿರುವವರೆಗೂ ಬೆಳಿಗ್ಗೆ ಎದ್ದು ಆ ಬಿಳಿ ಚೌಕವನ್ನೇ ನೋಡುತ್ತಿದ್ದಳು, ಬೇರೆ ಯಾರನ್ನೂ ಅಲ್ಲ. ಅವಳು ಹೋದ ಮೇಲೆ ಒಂದು ದಿನ ಅಪ್ಪ ಸ್ಟೂಲು ಹಾಕಿಕೊಂಡು ಉಗುರಿನಿಂದ ಸುಣ್ಣ ಕೆರೆಯುತ್ತಿದ್ದರು. ಅಡಿಯಲ್ಲಿ ಸಿಕ್ಕಿದ್ದು ಮಣ್ಣು. ವಾಮನಯ್ಯನವರ ಮೂಲ ಚಿತ್ರಗಳನ್ನಾದರೂ ಒಮ್ಮೆ ನೋಡೋಣವೆಂದರೆ, ಎಲ್ಲವನ್ನೂ ಗೆದ್ದಲು ತಿಂದುಹಾಕಿತು ಎಂದು ಅವರು ಎಂದೋ ಊರಿಗೆಲ್ಲ ಹೇಳಿಬಿಟ್ಟಿದ್ದರು. ನನ್ನ ಮದುವೆಯಾಯಿತು. ಅಪ್ಪ ಹೋದ ಮೇಲೆ ಗಂಡು ದಿಕ್ಕಿಲ್ಲದ ಮನೆ ಎಂದು ನಮ್ಮೆಜಮಾನರೇ ಇಲ್ಲಿಗೆ ಬಂದರು. ಮದುವೆ ಹೆಣ್ಣುಗಳಿಗೆ ಮೊಗ್ಗಿನ ಜಡೆ ಹೆಣೆಯುವುದು ನನ್ನ ಕಸುಬಾಯಿತು. ಕತ್ತರಿಸಿದ ಕೂದಲು ಅವನು ಹೇಳಿದಂತೆ ಬೇಗ ಬೆಳೆದು ಮಂಡಿ ಮುಟ್ಟಿತು. ನನ್ನ ಜಡೆ ನೋಡಿಯೇ ಜನ ನನ್ನನ್ನು ಕರೆಯುತ್ತಿದ್ದರು.

ಈ ವರ್ಷ ನಮ್ಮೂರಿನ ಹಳೆಯ ಐಸ್ ಫ್ಯಾಕ್ಟರಿಯನ್ನು ಮ್ಯೂಸಿಯಂ ಮಾಡಿದರು. ಅದನ್ನು ನೋಡಿಕೊಳ್ಳಲು ಪರವೂರಿನಿಂದ ಶರ್ವಾಣಿ ಎಂಬ ಹುಡುಗಿ ಬಂದಳು. ಕಾಮಿಕ್ಸ್ ಕಲೆಯ ಪ್ರದರ್ಶನದಿಂದಲೇ ಮ್ಯೂಸಿಯಂ ಶುರುವಾಗುತ್ತದೆ, ಈಗಿನ ಕಾಲದ ಕಲಾವಿದರೆಲ್ಲ ಬರುತ್ತಾರೆ, ಜೊತೆಗೆ ವಾಮನಯ್ಯನವರ ಮೂಲ ಚಿತ್ರಗಳೂ ಇರುತ್ತವೆ ಎಂದು ಮನೆಗೆ ಬಂದು ಕಾರ್ಡು ಕೊಟ್ಟಳು.

“ಗೆದ್ದಲು ತಿಂದಿತ್ತಲ್ಲಮ್ಮ?” ಎಂದೆ.

“ಇಲ್ಲ ಆಂಟಿ. ಅವರ ಮಿಸೆಸ್ ತುಂಗಮ್ಮನವರ ಅಟ್ಟದಲ್ಲಿ ಒಂದು ಟ್ರಂಕಿನಲ್ಲಿತ್ತು. ಒಂದೇ ಒಂದು ಪಟ್ಟಿ ಬಿಟ್ಟು ಎಲ್ಲಾ ಇವೆ.”

ಅವಳು ಹೋದ ಮೇಲೆ ಕಾರ್ಡು ಹಿಡಿದು ಅಲ್ಲೇ ಕೂತೆ. ಅಷ್ಟು ವರ್ಷ ಬೇಕು ಬೇಕು ಎಂದಿದ್ದ ಸುದ್ದಿ ಈಗ ನಾಲ್ಕು ಬೀದಿಯಾಚೆ ಗೋಡೆಗೆ ನೇತುಬಿದ್ದಿತ್ತು. ಕಂಠಿಯ ಮುಖ ಇಪ್ಪತ್ತಕ್ಕೋ ಮೂವತ್ತಕ್ಕೋ ನಿಂತುಬಿಟ್ಟಿದ್ದರೆ? ನೋಡುವವರೆಗೆ ಅವನು ನನ್ನ ಪಾಲಿಗೆ ಬದುಕಿದ್ದ. “ನಾನು ಬರೋದಿಲ್ಲ ಕಣ್ರೀ” ಎಂದೆ. ನಮ್ಮೆಜಮಾನರು ಒಪ್ಪುವವರಲ್ಲ. “ಕಂಠಿಯನ್ನ ನೋಡದಿದ್ದರೆ ಬಿಡು, ಅರವತ್ತರ ಮುದುಕಿ ಲಂಗ ಹಾಕ್ಕೊಂಡು ಉಯ್ಯಾಲೆ ಆಡೋದನ್ನ ನಾನು ನೋಡಬೇಡವಾ?” ಎಂದು ಕೈ ಹಿಡಿದು ಎಬ್ಬಿಸಿದರು.

ಒಳಗೆ ಮೊದಲ ಹಜಾರದಲ್ಲಿ ಹೊಸಬರ ಚಿತ್ರಗಳು. ಬಸ್ಸಿನ ಕಿಟಕಿ, ಬಾಡಿಗೆ ಮನೆ, ಮೊಬೈಲು ನೋಡುತ್ತ ಉಣ್ಣುವ ಮನೆಯವರು. ಇಲ್ಲೇ ಕೂತು ತನ್ನ ಗೆಳೆಯನನ್ನು ಬರೆದಿದ್ದ ಕಲಾವಿದನೊಬ್ಬ, ನಾಲ್ಕೇ ದಿನಕ್ಕೆ ಚಿತ್ರದಲ್ಲಿ ಗಡ್ಡ ಬಂದದ್ದು ಕಂಡು ತಾನೇ ಮರೆತು ಬರೆದೆನೇನೋ ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಆಚೆ ಹಜಾರದಿಂದ ನಮ್ಮೂರಿನವರ ನಗು ಕೇಳಿಸುತ್ತಿತ್ತು. ನಗದೆ ಏನು ಮಾಡುತ್ತಾರೆ? ಸೀಬೆಕೊಂಬೆಗೆ ಚಡ್ಡಿ ಹಾಕಿದ ಮುದುಕನೊಬ್ಬ ಜೋತು ಬಿದ್ದಿದ್ದ. ಕೆಳಗೆ ಲಂಗ ಹರವಿಕೊಂಡು ಮುದುಕಿಯೊಬ್ಬಳು ನಿಂತಿದ್ದಳು. ‘ಬಾಲ್ಯವನ್ನು ಮುಪ್ಪಿನ ಕಣ್ಣಿನಿಂದ ಕಂಡ ಅಪೂರ್ವ ಪ್ರಯೋಗ’ ಎಂದು ಶರ್ವಾಣಿ ಪಕ್ಕದಲ್ಲಿ ಬರೆಸಿ ಹಾಕಿದ್ದಳು. ಪಾಪ, ಹೊಸಬಳು ಎಂದು ಊರಿನವರು ಯಾರೂ ತಿದ್ದಿರಲಿಲ್ಲ.

ನಾನು ಕೊಂಬೆಯ ಮೇಲಿನವನನ್ನು ನೋಡಿ, ವಾಮನಯ್ಯನವರು ಅಪ್ಪನನ್ನು ಯಾಕೆ ಮರ ಹತ್ತಿಸಿದರು ಎಂದು ಒಂದು ಗಳಿಗೆ ಗಲಿಬಿಲಿಗೊಂಡೆ. ಅದೇ ಮೀಸೆ, ಎರಡೂ ತುದಿಯಲ್ಲಿ ನಿಂಬೆಹಣ್ಣು ನಿಲ್ಲಿಸುವಂಥದ್ದು, ಬೆಳ್ಳಗೆ. ಆಮೇಲೆ ಪಕ್ಕದ ಚೌಕದಲ್ಲಿ ಅಪ್ಪ ಬೇರೆಯಾಗಿ ಕಂಡರು, ಸತ್ತ ದಿನದ ಮುಖದಲ್ಲಿ. ಹಾಗಾದರೆ ಚಡ್ಡಿಯವನು ಕಂಠಿ. ಅಪ್ಪನ ಮೀಸೆಯನ್ನೇ ಬೆಳೆಸಿಕೊಂಡಿದ್ದ ಕಂಠಿ. ನನಗೆ ನಗು ಬಂತು, ಅದರ ಹಿಂದೆಯೇ ತಡೆಯಲಾರದ ಅಳು ಬಂತು.

ಅರವತ್ತು ದಾಟುವವರೆಗೆ ಇದ್ದ, ಅದು ಸರಿ. ಆದರೆ ಈಗ? ಮರುದಿನವೂ ಹೋದೆ. ಅವನ ಕೆನ್ನೆಯ ಮೇಲೆ ಬಿಳಿ ಕೂಳೆ ಎದ್ದಿತ್ತು. ಅದರ ಮಾರನೆಯ ದಿನ ಕೆನ್ನೆ ನುಣ್ಣಗಿತ್ತು. ಸತ್ತವರು ಗಡ್ಡ ಕೆರೆದುಕೊಳ್ಳುವುದಿಲ್ಲ. ನಾನು ಅಲ್ಲೇ ಕಾವಲುಗಾರನ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅಮ್ಮ ಇರಬೇಕಿತ್ತು ಎಂದು ಎಷ್ಟು ಸಲ ಅಂದುಕೊಂಡೆನೋ.

ಸಾಲಿನ ಕೊನೆಗೆ ಒಂದು ಖಾಲಿ ಚೌಕಟ್ಟು ತೂಗುಹಾಕಿದ್ದರು. ‘ಮೂಲಪ್ರತಿ ಲಭ್ಯವಿಲ್ಲ’ ಎಂದು ಕೆಳಗೆ ಬರೆದಿತ್ತು. ಅರ್ಧ ಮೀಸೆಯ ಪಟ್ಟಿ ಅದು. ತುಂಗಮ್ಮನವರನ್ನು ಆವತ್ತು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ತೊಂಬತ್ತರ ಮುದುಕಿ, ಕಣ್ಣು ಮಂಜು, ನಾಲಿಗೆ ಮಾತ್ರ ಚುರುಕು. ನಾನು ಹತ್ತಿರ ಹೋಗಿ ಪಾದ ಮುಟ್ಟಿದೆ.

“ಯಾರು, ನಂಜುಂಡಯ್ಯನ ಮಗಳಾ? ಆ ಪಟ್ಟಿ ನಿಮ್ಮಣ್ಣನ ಹತ್ರ ಇದೆ ಕಣೇ. ಸುಣ್ಣ ಹೊಡೆದ ದಿನ ಸಂಜೆ ಬಂದು ಕೇಳಿದ. ಮನೆಯವರೆಲ್ಲ ಇದಾರೆ ಇದರಲ್ಲಿ, ಇದೊಂದು ಕೊಡಿ ಅಂದ. ಕೊಟ್ವಿ.”

“ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ನಿಮ್ಮಪ್ಪ ಇರೋವರೆಗೂ ಹೇಳಬೇಡಿ ಅಂತ ಆಣೆ ಹಾಕಿಸ್ಕೊಂಡ. ಉಳಿದದ್ದನ್ನ ನಿಮ್ಮಪ್ಪ ಕೇಳ್ಕೊಂಡು ಬಂದು ಸುಟ್ಟಾರು ಅಂತ ಇವರು ಗೆದ್ದಲಿನ ಕತೆ ಕಟ್ಟಿದರು. ಆಮೇಲೆ ಮರೆತೇಹೋಯ್ತು ಕಣಮ್ಮ. ವಯಸ್ಸಾಯ್ತಲ್ಲ.”

ಮನೆಗೆ ಬರುವ ದಾರಿಯುದ್ದಕ್ಕೂ ಅವನನ್ನು ಬೈಯುತ್ತಲೇ ಬಂದೆ. ನಾವು ಇಲ್ಲಿ ಸುಣ್ಣದ ಚೌಕ ನೋಡುತ್ತ ಸತ್ತೆವು. ಅವನು ಅಲ್ಲೆಲ್ಲೋ ಕೂತು ನಮ್ಮೆಲ್ಲರ ಮುಖ ನೋಡುತ್ತಿದ್ದ! ಅಮ್ಮನ ಮುಖ ನಿಂತ ದಿನ ಅವನಿಗೆ ಗೊತ್ತು. ಅಪ್ಪನ ಮುಖ ನಿಂತ ದಿನವೂ ಗೊತ್ತು. ಬರಲಿಲ್ಲ. ಒಂದು ಕಾರ್ಡು ಹಾಕಲಿಲ್ಲ. ನಮ್ಮೆಜಮಾನರು ನಿಧಾನಕ್ಕೆ, “ಊರು ದಾಟಿದ ಚಿತ್ರಕ್ಕೆ ವಯಸ್ಸಾಗುತ್ತೋ ಇಲ್ಲವೋ ಯಾರಿಗೆ ಗೊತ್ತು ಅಂಬು? ಇಲ್ಲಿಂದ ಒಂದನ್ನೂ ಯಾರೂ ಆಚೆಗೆ ಒಯ್ದಿಲ್ಲ. ಅವನ ಹತ್ರ ಇರೋದು ಬರೀ ಕಾಗದವಾಗಿದ್ದರೆ?” ಎಂದರು. ಹಾಗಿದ್ದರೆ ಅವನ ಪಾಲಿಗೆ ಅಪ್ಪ ಇನ್ನೂ ಅರ್ಧ ಮೀಸೆಯಲ್ಲೇ ಕುದಿಯುತ್ತ ಕೂತಿರಬೇಕು. ಅದನ್ನು ತಿಳಿಯಲು ಇದ್ದದ್ದು ಒಂದೇ ದಾರಿ, ಆ ಪಟ್ಟಿಯಲ್ಲಿ ನಾನೂ ಇದ್ದೆನಲ್ಲ. ಪ್ರದರ್ಶನ ಮುಗಿದ ಕೂಡಲೇ ಚಿತ್ರಗಳು ದೊಡ್ಡ ನಗರದ ಮ್ಯೂಸಿಯಮ್ಮಿಗೆ ಹೋಗುವುದಿತ್ತು. ಅಷ್ಟರೊಳಗೆ ಆಗಬೇಕಿತ್ತು.

ಮರುದಿನ ಪೂಜೆ ಮುಗಿಸಿ, ತಲೆ ಬಾಚಿ ಹುಡುಗಿಯರ ಹಾಗೆ ಎರಡು ಜಡೆ ಹೆಣೆದುಕೊಂಡೆ. ಮೊಗ್ಗಿನ ಜಡೆಯ ದಾರ ಕತ್ತರಿಸುವ ಕತ್ತರಿ ತೆಗೆದುಕೊಂಡು, ಹಿಂದೆ ಯಾವುದನ್ನು ಕತ್ತರಿಸಿದ್ದೆನೋ ಅದನ್ನೇ ಕಿವಿಯ ಪಕ್ಕಕ್ಕೆ ಕತ್ತರಿಸಿದೆ. ಮಂಡಿಯವರೆಗಿನ ಕೂದಲು ಅದು, ನನ್ನ ಅನ್ನ ಅದು. ನಮ್ಮೆಜಮಾನರು ಕಾಫಿ ಲೋಟ ಹಿಡಿದು ಬಂದವರು ಬಾಗಿಲಲ್ಲೇ ನಿಂತರು.

“ಬೇಗ ಬೆಳೆಯುತ್ತೆ ಬಿಡ್ರಿ” ಎಂದೆ.

ಆವತ್ತು ಮ್ಯೂಸಿಯಮ್ಮಿನಲ್ಲಿ ಗಲಾಟೆಯೋ ಗಲಾಟೆ. “ಯಾರೋ ರಬ್ಬರು ಹಾಕಿ ಚಿತ್ರ ಕೆಡಿಸಿದಾರೆ!” ಎಂದು ಶರ್ವಾಣಿ ಕಾವಲುಗಾರನ ಮೇಲೆ ಎಗರುತ್ತಿದ್ದಳು. ಅಷ್ಟೂ ಪಟ್ಟಿಗಳಲ್ಲಿ ಲಂಗದ ಮುದುಕಿಗೆ ಒಂದೇ ಜಡೆ. ನಾನು ಹತ್ತಿರ ಹೋಗಿ ತಲೆಯ ಮೇಲಿನ ಸೆರಗು ಜಾರಿಸಿದೆ. ಅವಳು ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು. ಬಾಯಿಗೆ ಕೈ ಅಡ್ಡ ಹಿಡಿದು ನಿಂತವಳಿಗೆ ಎಲ್ಲವನ್ನೂ ಹೇಳಿದೆ. ಸಂಜೆ ನೋಡುವಾಗ ‘ಅಪೂರ್ವ ಪ್ರಯೋಗ’ದ ಬರಹವನ್ನು ಅವಳೇ ಕಿತ್ತು ಹಾಕಿದ್ದಳು.

ಊರು ನಕ್ಕಿತು, ನಗಲಿ. ಆದರೆ ಲಗ್ನದ ಕಾಲವಾಗಿತ್ತು. “ಅರ್ಧ ತಲೆಯೋಳ ಕೈಲಿ ಮಗಳ ಜಡೆ ಹೆಣಸೋದಾ? ಬೇಡ ತಾಯಿ” ಎಂದು ಒಬ್ಬೊಬ್ಬರೇ ಬೇರೆಯವರನ್ನು ಹುಡುಕಿಕೊಂಡರು. ನಾನು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಮ್ಯೂಸಿಯಮ್ಮಿಗೆ ಹೋಗಿ ಕಂಠಿಯ ಎದುರು ನಿಲ್ಲುತ್ತಿದ್ದೆ. ಅವನಿಗೆ ಗಡ್ಡ ಬರುತ್ತಿತ್ತು, ಹೋಗುತ್ತಿತ್ತು. ಒಮ್ಮೆ ಕ್ಷೌರ ಮಾಡಿಸಿಕೊಂಡ. ಒಮ್ಮೆ ಕಣ್ಣ ಕೆಳಗೆ ಊದಿಕೊಂಡಿತ್ತು, ನಿದ್ದೆಗೆಟ್ಟನೋ ಅತ್ತನೋ. ಮೀಸೆ ಮಾತ್ರ ಎರಡೂ ಕಡೆ ಹಾಗೇ ಇತ್ತು. ದಿನ ಕಳೆದಂತೆ ಆ ಮೀಸೆ ಕಂಡರೆ ನನಗೆ ಮೈ ಉರಿಯತೊಡಗಿತು. ನಮ್ಮೆಜಮಾನರು ಹೇಳಿದ್ದೇ ನಿಜವಿರಬೇಕು, ಅವನ ಹತ್ತಿರ ಇರುವುದು ಬರೀ ಕಾಗದ. ಇಲ್ಲವೇ ಅದು ಎಲ್ಲೋ ಪೆಟ್ಟಿಗೆಯ ತಳದಲ್ಲಿ ಬಿದ್ದಿದೆ. ಇಲ್ಲವೇ ನೋಡಿಯೂ ಸುಮ್ಮನಿದ್ದಾನೆ. ಮೂರನೆಯದನ್ನು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ಕೊನೆಯ ದಿನ ಹೋಗುವುದೇ ಬೇಡವೆಂದಿದ್ದವಳು ಹೊತ್ತೇರಿದ ಮೇಲೆ ತಡೆಯಲಾರದೆ ಹೋದೆ. ಚಿತ್ರಗಳನ್ನು ಇಳಿಸಿ ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತುತ್ತಿದ್ದರು. ಮೊದಲ ಹಜಾರ ಆಗಲೇ ಬರಿದಾಗಿತ್ತು. ಇನ್ನು ಮುಂದೆ ಅವನ ಗಡ್ಡ ಮೀಸೆಯನ್ನು ನಗರದ ಜನ ನೋಡುತ್ತಾರೆ, ನಾನು ಮತ್ತೆ ಸುಣ್ಣ ನೋಡುತ್ತೇನೆ. ಬಾಗಿಲ ಬಳಿಯೇ ಕಾಲು ನಿಂತಿತು. ಹಾಳಾಗಿ ಹೋಗು ಕಂಠಿ ಎಂದು ಮನಸ್ಸಿನಲ್ಲೇ ಬೈದೆ.

ಆಗ ಒಳಗಡೆ ಚಿತ್ರ ಇಳಿಸುತ್ತಿದ್ದವನೊಬ್ಬ ಏಣಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದು ಕೇಳಿಸಿತು. “ಮೇಡಮ್ಮೋರೇ, ನೆನ್ನೆ ಸರಿಯಾಗಿದ್ದ ಕಣ್ರೀ ಈ ಮುದುಕ! ಇವತ್ತು ನೋಡಿ!”

ನಾನು ಓಡಿದೆ. ಈ ವಯಸ್ಸಿನಲ್ಲಿ ಓಡಬಾರದು, ಓಡಿದೆ. ಸೀಬೆಕೊಂಬೆಗೆ ಜೋತು ಬಿದ್ದಿದ್ದ ಕಂಠಿಗೆ ಎಡಗಡೆಯ ಮೀಸೆ ಇರಲಿಲ್ಲ. ಗೂಳಿಯ ಮುಂದೆ ಓಡುತ್ತಿದ್ದವನಿಗೂ ಇರಲಿಲ್ಲ. ಅಪ್ಪನ ಸೈಕಲ್ಲಿನ ಹಿಂದೆ ಕೂತವನಿಗೂ, ಉಪ್ಪಿನಕಾಯಿ ಭರಣಿಯಲ್ಲಿ ಕೈ ಸಿಕ್ಕಿಸಿಕೊಂಡವನಿಗೂ, ನನ್ನ ಉಯ್ಯಾಲೆ ತೂಗುತ್ತಿದ್ದವನಿಗೂ ಎಡಗಡೆ ಬೋಳು, ಬಲಗಡೆ ಅಪ್ಪನ ಮೀಸೆ. ಒಂಟಿ ಜಡೆಯ ಮುದುಕಿ ಪ್ರತಿ ಚೌಕದಲ್ಲೂ ಅವನ ಪಕ್ಕದಲ್ಲಿದ್ದಳು. ಏಣಿಯವನು ನಗುತ್ತಿದ್ದ, ಶರ್ವಾಣಿ ಅಳುತ್ತಿದ್ದಳು, ನಾನು ಎರಡನ್ನೂ ಒಟ್ಟಿಗೆ ಮಾಡುತ್ತಿದ್ದೆ. ಅಪ್ಪ ಮಾತ್ರ ಎರಡೂ ಮೀಸೆ ಹುರಿ ಮಾಡಿಕೊಂಡು ಗಂಭೀರವಾಗಿ ನಿಂತಿದ್ದರು.

ಏಣಿಯವನು ಕಣ್ಣೊರೆಸಿಕೊಂಡು ಮತ್ತೆ ಕೆಲಸಕ್ಕೆ ಹತ್ತಿದ. ಒಂದೊಂದೇ ಪಟ್ಟಿ ಇಳಿಸುತ್ತ ಸಾಲಿನ ಕೊನೆಗೆ ಬಂದು ಖಾಲಿ ಚೌಕಟ್ಟಿಗೆ ಕೈ ಹಾಕಿದ. ನಾನು ಅವನ ಏಣಿ ಹಿಡಿದುಕೊಂಡೆ.

“ಅದೊಂದನ್ನ ತೆಗೀಬೇಡಪ್ಪ” ಎಂದೆ. “ಅದರ ಚಿತ್ರ ಬರ್ತಾ ಇದೆ.”